ನಮ್ಮೂರ ಚರಿತ್ರೆ, ಕಂತು 9: ಮನ್ಯಾಗ ಕಾಳಿರಬೇಕು

ಮೊದಲನೇ ಫೋಟೊ ನೋಡ್ರಿ. ಸುಲೇಪೇಟದ ನಮ್ಮ ಮನಿ, ಅಡುಗೆಮನಿ ಮೂಲ್ಯಾಗಿನ ತಗಡಿನ ಡಬ್ಬಿ. ಮ್ಯಾಲ ತೊಗರಿಬ್ಯಾಳಿ, ಬ್ಯಾಳಿ ನಡುವ ಒಂದು ಪ್ಲಾಸ್ಟಿಕ್ ಚೀಲ, ಚೀಲದಾಗ ನಮ್ಮ ಆಯಿ ರೊಕ್ಕ. ಆಯಿಗೆ ಬ್ಯಾಂಕ್ ಖಾತೆ ಅದ, ಪಿಂಚಣಿ ಅಲ್ಲೇ ಬರ್ತದ. ಬಂದ ದಿನಾನೇ ತೆಗೆಸಿ ತಂದು ಡಬ್ಬಿಗೆ ಹಾಕ್ತಾಳ.

ನಾನು ಬಿಕಾಂ ಓದ್ತೀನಿ. ಸುಮ್ಮನೆ ಕೂತ ರೊಕ್ಕ ಬೆಳೆಯಂಗಿಲ್ಲ ಅಂತ ಕ್ಲಾಸಿನಾಗ ಕಲಿಸ್ತಾರ. ಹಂಗಾಗಿ ಆ ಡಬ್ಬಿ ನೋಡಿ ನಗತಿದ್ದೆ. ಈ ಸುಗ್ಗಿಯಾಗ ಮಾತ್ರ ನಗು ನಿಂತಿತು. ಅಪ್ಪ ಮೊದಲ ಸಲ ನನ್ನ ಕೇಳಿದ: "ತೊಗರಿ ಮಾರೋಣೋ, ಇಡೋಣೋ? ನೀನೇ ಓದಾಕಿ, ನೀನೇ ಹೇಳು."

ಉತ್ತರ ಹೇಳೋಕಿಂತ ಮೊದಲು ನಾವು ಯಾಕ ಹಿಂಗ ಅಂತ ಹುಡುಕ್ಕೊಂಡು ಹೋದೆ. ಸಿಕ್ಕದ್ದು ಇದು.

1. ಹಾಲಿ, ಕಲ್ದಾರ

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮ್ಮ ಕಡೆ ಬರಲಿಲ್ಲ. ಗುಲ್ಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮುಂದಿನ 13 ತಿಂಗಳು ನಾವು ಯಾವ ದೇಶದವರು ಅಂತ ಯಾರಿಗೂ ಖಾತ್ರಿ ಇರಲಿಲ್ಲ. ರಜಾಕಾರರ ಹಾವಳಿ ಶುರುವಾಯಿತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಊರಾಗ ಇವತ್ತಿಗೂ ಹಿರಿಯರು ಅದಕ್ಕೆ 'ಪೊಲೀಸ್ ಆಕ್ಷನ್' ಅಂತಾರ.

ಮುತ್ಯಾ ಆಗ ಎಂಟು ವರ್ಷದ ಹುಡುಗ. ದೀಪ ಹಚ್ಚೋ ಹೊತ್ತಿಗೆ ಬಾಗಿಲು ಹಾಕಿ ಅಗುಳಿ ಜಡಿತಿದ್ರಂತ. ಮುತ್ಯಾ ಹೋಗಿ ಐದು ವರ್ಷ ಆಯ್ತು. ನಮ್ಮ ಮನಿ ಬಾಗಿಲು ಈಗಲೂ ದೀಪದ ಹೊತ್ತಿಗೇ ಹಾಕ್ತಾರ. ಯಾಕ ಅಂದ್ರ "ಪದ್ಧತಿ" ಅಂತಾರ.

ಇದರ ಜೊತೆಗೆ ರೊಕ್ಕದ ಕಥಿನೂ ಅದ. ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ಭಾರತದ ರೂಪಾಯಿಗೆ ನಮ್ಮವರು 'ಕಲ್ದಾರ' ಅಂತಿದ್ರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. 1951ರ ಹೊತ್ತಿಗೆ ಹಾಲಿ ಅಚ್ಚಾಗೋದು ನಿಂತಿತು, 1959ರಲ್ಲಿ ಅದರ ಚಲಾವಣೆನೇ ಮುಗೀತು. ಆ ನಡುವೆ, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಹತ್ತು ವರ್ಷ ದಾಟೋದರೊಳಗೆ ರಾಜ ಬದಲಾದ, ರಾಜ್ಯ ಬದಲಾಯ್ತು, ಜೇಬಿನಾಗಿನ ರೊಕ್ಕನೂ ಬದಲಾಯ್ತು. ಬದಲಾಗದೇ ಇದ್ದದ್ದು ಒಂದೇ, ಹೊಲದಾಗ ಬೆಳೆದ ಕಾಳು. ಮುತ್ಯಾನ ಅಪ್ಪ ಇದರಿಂದ ಒಂದು ಪಾಠ ಕಲಿತ: ಸರ್ಕಾರದ ರೊಕ್ಕ ನಂಬಬಾರದು, ಕಾಳು ನಂಬಬೇಕು.

2. ಬಾಜೂ ಮನಿ ಗಂಟು

ಇದನ್ನ ಬಿಟ್ಟು ಬರೆದರೆ ಚರಿತ್ರೆ ಅರ್ಧ ಆಗ್ತದ. ಪೊಲೀಸ್ ಆಕ್ಷನ್ ಆದ ಮ್ಯಾಲ ಸೇಡಿಗೆ ಬಲಿಯಾದವರು ಸಾದಾ ಮುಸ್ಲಿಂ ಮನೆತನಗಳು. ಪಂಡಿತ್ ಸುಂದರಲಾಲ್ ಸಮಿತಿ ಊರೂರು ತಿರುಗಿ ವರದಿ ಕೊಟ್ಟಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆ ಅಂತ ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಸಂಸ್ಥಾನದಲ್ಲಿ ಸತ್ತವರು ಕಡಿಮೆ ಅಂದರೂ 27,000ದಿಂದ 40,000 ಅಂತ ಅಂದಾಜು ಮಾಡಿತು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ.

ನನ್ನ ಗೆಳತಿಯ ದಾದಿ ಮಲಗೋ ಮಂಚದ ಬದಿಗೆ ಗೂಟಕ್ಕೆ ಒಂದು ಬಟ್ಟೆ ಗಂಟು ತೂಗ್ತಿರ್ತದ. ಹೊಲದ ಕಾಗದ, ರೇಷನ್ ಕಾರ್ಡು, ಎರಡು ಬೆಳ್ಳಿ ಬಳಿ. ಎದ್ದು ಓಡಬೇಕಾದ್ರ ಕೈಗೆ ಸಿಗಬೇಕು. ಗೆಳತಿ ಈಗ ಹಾಸ್ಟೆಲಿನಾಗ ಇರ್ತಾಳ. ತನ್ನ ಮಾರ್ಕ್ಸ್ ಕಾರ್ಡುಗಳನ್ನ ಬ್ಯಾಗಿನಾಗೇ ಇಟ್ಕೊಂಡು ತಿರುಗ್ತಾಳ, ಯಾಕಂತ ಆಕಿಗೂ ಗೊತ್ತಿಲ್ಲ. ನಮ್ಮ ಮನ್ಯಾಗ ಡಬ್ಬಿ, ಅವರ ಮನ್ಯಾಗ ಗಂಟು. ಎರಡೂ ಮನ್ಯಾಗ ಆ ವರ್ಷದ ಬಗ್ಗೆ ಮಾತು ಮಾತ್ರ ಇಲ್ಲ.

3. ಹಗೇವು

1972ರ ಬರಗಾಲ. ಆಯಿ ಹೊಸದಾಗಿ ಬಂದ ಸೊಸಿ, ಅಪ್ಪ ತೊಟ್ಟಿಲಾಗ. ರಸ್ತೆ ಕೆಲಸಕ್ಕ ಕಲ್ಲು ಒಡಿಲಾಕ ಹೋಗ್ಯಾಳ. ಆದ್ರ ಮನಿ ಉಳಿದದ್ದು ಹಗೇವಿನಿಂದ ಅಂತಾಳ.

ಹಗೇವು ನೋಡದವರಿಗೆ ಹೇಳ್ತೀನಿ. ನೆಲದಾಗ ತೋಡಿದ ಆಳ ಗುಂಡಿ. ಒಳಗ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತೋದು. ತೆಗೆದ ಕೂಡಲೇ ಇಳಿಯಂಗಿಲ್ಲ, ಒಳಗ ಉಸಿರು ಕಟ್ಟಿ ಸಾಯ್ತಾರ. ಗಾಳಿ ಆಡಲಿ ಅಂತ ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ರ ಮಾತ್ರ ಮನುಷ್ಯ ಇಳಿಯೋದು. ನಮ್ಮ ಹಗೇವಿನಾಗ ಹಿಂದಿನ ವರ್ಷದ ಜೋಳ ಇತ್ತು. ಮಾರಿದವರು ಊರು ಬಿಟ್ಟು ಹೋದ್ರು, ಇಟ್ಟವರು ಉಳಿದ್ರು. ಆಯಿ ಮಾತು ಅಲ್ಲಿಂದ ಬಂದದ್ದು: "ಕಾಳಿದ್ರ ಮನಿ, ಇಲ್ಲಂದ್ರ ಬರೇ ಗ್ವಾಡಿ."

4. ಅದೇ ಉತ್ತರ, ಬ್ಯಾರೆ ಪ್ರಶ್ನೆ

2015ರ ಕೊನೆಗೆ ತೊಗರಿಬ್ಯಾಳಿ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿವರೆಗೆ ಹೋಗಿತ್ತು. 2016ರ ಸುಗ್ಗಿಯಾಗ ಎಲ್ಲರೂ ಮಾರಿದ್ರು. ಅಪ್ಪ ಮಾರಲಿಲ್ಲ, ಮೂವತ್ತು ಚೀಲ ಇಟ್ಟ. ಆಸೆಗೆ ಇಟ್ಟ ಅಂತ ಊರವರು ಅಂದ್ರು. ನನಗ ಈಗ ಅನಸ್ತದ, ಅಂಜಿಕಿಗೆ ಇಟ್ಟ.

ದರ ನೋಡಿ ದೇಶದ ತುಂಬ ರೈತರು ತೊಗರಿ ಬಿತ್ತಿದ್ರು. 2015–16ರಲ್ಲಿ ಸುಮಾರು 25.6 ಲಕ್ಷ ಟನ್ ಇದ್ದ ದೇಶದ ಉತ್ಪಾದನೆ ಮರುವರ್ಷ ಸುಮಾರು 48.7 ಲಕ್ಷ ಟನ್ ಆಯ್ತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಪೇಟೆ ದರ ಅದಕ್ಕಿಂತ ಕೆಳಗೆ ಇಳೀತು. ನಡುವ ನವೆಂಬರ್ 8ಕ್ಕೆ ನೋಟು ರದ್ದಾಯ್ತು. ಆಯಿ ಡಬ್ಬಿಯಿಂದ ಐನೂರರ ಹನ್ನೊಂದು ನೋಟು ಹೊರಗ ಬಂದ್ವು. "ನೋಡ್ದೇನು, ಮತ್ತ ಹಾಲಿ ಆಯ್ತು" ಅಂದಿದ್ಲು. ನಂಗ ಆಗ ತಿಳಿದಿರಲಿಲ್ಲ.

ಅಪ್ಪ ಕೊನೆಗೆ ಮೂವತ್ತು ಚೀಲನೂ ಹೆಚ್ಚೂಕಮ್ಮಿ ಅರ್ಧ ದುಡ್ಡಿಗೆ ಕೊಟ್ಟ. ಅಕ್ಕ ಕಲಬುರಗಿಗೆ ನರ್ಸಿಂಗ್ ಓದಲಾಕ ಹೋಗಬೇಕಿತ್ತು. ಹೋಗಲಿಲ್ಲ. ಆ ವರ್ಷವೇ ಮದುವಿ ಆಯ್ತು. ಈ ಮಾತೂ ನಮ್ಮ ಮನ್ಯಾಗ ಯಾರೂ ಆಡಂಗಿಲ್ಲ.

ಬರಗಾಲದಾಗ ಕಾಳು ಇಟ್ಟವ ಗೆದ್ದ. ಪೇಟೆ ಬಿದ್ದಾಗ ಕಾಳು ಇಟ್ಟವ ಸೋತ. ಹಿರಿಯರು ಉತ್ತರ ಕೊಟ್ಟು ಹೋದ್ರು, ಅದು ಯಾವ ಪ್ರಶ್ನೆಗೆ ಅಂತ ಹೇಳಲಿಲ್ಲ.

ಇದು ನಮ್ಮೂರಿನ ಕಥಿ ಅಷ್ಟೇ ಅಲ್ಲ. ಉಲ್ರಿಕೆ ಮಾಲ್ಮೆಂಡಿಯರ್, ಸ್ಟೆಫಾನ್ ನಾಗೆಲ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ಕುಟುಂಬಗಳ ಲೆಕ್ಕ ಹಿಡಿದು ಒಂದು ವಿಷಯ ತೋರಿಸಿದರು: ಜೀವನದಲ್ಲಿ ಷೇರುಪೇಟೆ ಕುಸಿದದ್ದನ್ನ ಕಂಡವರು ಆಮೇಲೂ ಷೇರಿಗೆ ರೊಕ್ಕ ಹಾಕೋಕೆ ಹಿಂಜರೀತಾರೆ. ಅದು ಸ್ವಂತ ಅನುಭವದ ಮಾತು. ನಮ್ಮ ಮನ್ಯಾಗ ಬರಗಾಲ ನೆನಪೇ ಇಲ್ಲದ ಅಪ್ಪನೂ ಹಂಗೇ ಅಂಜ್ತಾನ. ಆ ಅಂಜಿಕಿ ಅವಗ ಆಯಿ ಮಾತಿನಿಂದ ಬಂದದ.

5. ಎಷ್ಟು?

ಎಳ್ಳ ಅಮಾಸಿ ಆದ ಮ್ಯಾಲ ಒಂದು ರಾತ್ರಿ ಆಯಿ ಬಾಜೂ ಕೂತು ಕೇಳ್ದೆ: "ಆಯಿ, ಮನ್ಯಾಗ ಎಷ್ಟು ಚೀಲ ತೊಗರಿ ಇದ್ರ ನಿನಗ ನಿದ್ದಿ ಬರ್ತದ?"

ಆಯಿ ಬೆರಳು ಎಣಿಸಿದಳು. ಊಟಕ್ಕ ಇಷ್ಟು, ಬಿತ್ತಲಾಕ ಇಷ್ಟು, ಯಾರಾದ್ರೂ ಕೇಳಿ ಬಂದ್ರ ಕೊಡಲಾಕ ಇಷ್ಟು. "ಎರಡು ಚೀಲ ಸಾಕವ್ವ."

ಅಪ್ಪ ಬಾಗಿಲ ಬಳಿ ನಿಂತಿದ್ದ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಎರಡು ಚೀಲದ ಅಂಜಿಕಿಗೆ ಮೂವತ್ತು ಚೀಲ ಇಟ್ಟಿದ್ವಿ. ಎಷ್ಟು ಬೇಕು ಅಂತ ಆಕಿನ ಯಾರೂ ಕೇಳಿರಲೇ ಇಲ್ಲ.

ಎರಡು ಚೀಲಕ್ಕ ಬೇವಿನ ಎಲಿ ಹಾಕಿ ಕಟ್ಟಿ ಇಟ್ವಿ. ಉಳಿದದ್ದು ಮಾರಿದ್ವಿ. ದರ ಏರ್ತೋ ಇಳೀತೋ ಅಂತ ಅಪ್ಪ ಈಗಲೂ ದಿನಾ ಮುಂಜಾನಿ ಫೋನಿನಾಗ ನೋಡ್ತಾನ, ನೋಡಲಿ. ಕೊನೇ ಫೋಟೊ ಆ ಎರಡು ಚೀಲದ್ದು. ಹಿಂದ ಕಾಣೋದು ಡಬ್ಬಿ. ಅದನ್ನ ನಾನು ಮುಟ್ಟಿಲ್ಲ. ಅದು ಆಯಿಯ ಬ್ಯಾಂಕು.

ನಿಮ್ಮ ಮನ್ಯಾಗೂ "ಪದ್ಧತಿ" ಅಂತ ನಡೆಯೋ ಒಂದು ಅಂಜಿಕಿ ಇರ್ತದ. ಅದು ಯಾವ ವರ್ಷದ್ದು ಅಂತ ಹಿರಿಯರನ್ನ ಕೇಳ್ರಿ. ಅವರು ಇರೋತನಕ ಕೇಳ್ರಿ.

#ನಮ್ಮೂರಚರಿತ್ರೆ #ಸುಲೇಪೇಟ #ಕಲ್ಯಾಣಕರ್ನಾಟಕ #ತೊಗರಿ