ಬಟಾಟಿ ಕೀಳೋದು ಯಾವಾಗ? ಮಣ್ಣೊಳಗಿನ ಇತಿಹಾಸ

ನಾನು ಬಾದಾಮಿಯಿಂದ ಮಾತಾಡ್ತಿದ್ದೀನಿ. ಇಲ್ಲಿನ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನ ಐತಿ. ಅದನ್ನ ಕೆತ್ತಿದ ಕಾಲಕ್ಕೆ ಈ ಊರಲ್ಲಿ ಬಟಾಟಿ ತಿನ್ನೋದಿರಲಿ, ಯಾರೂ ಅದರ ಹೆಸರೂ ಕೇಳಿರಲಿಲ್ಲ. ಆಗ ಅದು ಬೆಳೀತಿದ್ದದ್ದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನ ಯುರೋಪಿಗೆ ಒಯ್ದರು. ಬೆಂಗಳೂರು ಕಡೆ ಆಲೂಗಡ್ಡೆ ಅಂತಾರ, ನಮ್ಮಲ್ಲಿ ಬಟಾಟಿ. ಈ ಹೆಸರು ಪೋರ್ಚುಗೀಸರ ‘ಬಟಾಟಾ’ದಿಂದ ಬಂದದ್ದು. ಕೆರಿಬಿಯನ್ ದ್ವೀಪಗಳಲ್ಲಿ ಮೊದಲು ಅದು ಗೆಣಸಿನ ಹೆಸರಾಗಿತ್ತು!

ಜೋಳದ ತೆನೆ ಬಲಿತದ್ದು ದೂರದಿಂದಲೇ ಕಾಣತೈತಿ. ಬಟಾಟಿ ಹಂಗಲ್ಲ, ಮಣ್ಣೊಳಗೆ ಅಡಗಿರತೈತಿ. ಯುರೋಪಿನ ಯುದ್ಧಗಳಲ್ಲಿ ಇದೇ ರೈತರ ಕೈ ಹಿಡೀತು. ಕಣಜದ ಕಾಳನ್ನ ಸೈನಿಕರು ಹೊತ್ತೊಯ್ದರೂ ನೆಲದ ಗಡ್ಡೆ ಅಗೆಯೋಕೆ ಅವರಿಗೆ ಪುರಸೊತ್ತು ಇರ್ತಿರಲಿಲ್ಲ. 1756ರಲ್ಲಿ ಪ್ರಷ್ಯಾದ ರಾಜ ಎರಡನೇ ಫ್ರೆಡರಿಕ್ ಬಟಾಟಿ ಬೆಳೀರಿ ಅಂತ ಆಜ್ಞೆಯನ್ನೇ ಹೊರಡಿಸಿದ.

ಆದರೆ ಅಡಗಿದ್ದು ಮೋಸವನ್ನೂ ಮಾಡಬಹುದು. 1845ರಲ್ಲಿ ಐರ್ಲೆಂಡಿನ ಹೊಲಗಳಲ್ಲಿ ಎಲೆಗಳು ಕಪ್ಪಾದವು. ಚೊಲೋ ಕಂಡ ಗಡ್ಡೆ ಅಗೆದು ಕೂಡಿಟ್ಟರೆ ಅವೂ ಕೊಳೆತವು. ಬಡವರು ಹೆಚ್ಚಾಗಿ ಒಂದೇ ತಳಿಯನ್ನ ನಂಬಿದ್ದರು. ಸುಮಾರು 10 ಲಕ್ಷ ಜನ ಹಸಿವು, ರೋಗದಿಂದ ಸತ್ತರು. ಅಷ್ಟೇ ಮಂದಿ ದೇಶ ಬಿಟ್ಟರು. ಅದೇ ಅಂಗಮಾರಿ ರೋಗ ಇವತ್ತಿಗೂ ಹಾಸನದ ಮಳೆಗಾಲದ ಬಟಾಟಿ ಬೆಳೆಗಾರರನ್ನ ಕಾಡತೈತಿ.

ಅದಕ್ಕೇ ಯಾವಾಗ ಕೀಳಬೇಕು ಅನ್ನೋದು ಸಣ್ಣ ಪ್ರಶ್ನೆ ಅಲ್ರಿ. ರೋಗ ಬಿದ್ದ ಎಲೆಯಿಂದ ಮಳೆನೀರಿನ ಜೊತೆ ರೋಗಾಣು ಕೆಳಗಿನ ಗಡ್ಡೆಗೆ ಇಳಿಯತೈತಿ. ಹಸಿ ಎಲೆ ಇರುವಾಗಲೇ ಅಗೆದರೆ ಕೀಳೋವಾಗಲೂ ಅಂಟತೈತಿ. ಹಂಗಾಗಿ ರೋಗ ಕಂಡರೆ ಬಳ್ಳಿ ಕತ್ತರಿಸಿ ದೂರ ಹಾಕಿ, ಸುಮಾರು ಎರಡು ವಾರ ಕಾಯಬೇಕು. ಅಷ್ಟರಲ್ಲಿ ಸಿಪ್ಪೆಯೂ ಗಟ್ಟಿಯಾಗತೈತಿ.

ಮನೆ ಮಾಳಿಗೆ ಮೇಲೆ ಬೆಳೆದೋರಿಗೂ ಲೆಕ್ಕ ಇದೇ. ಗಡ್ಡೆ ಕಟ್ಟೋಕೆ ತಂಪು ರಾತ್ರಿ ಬೇಕು. ನಮ್ಮ ಬಿಸಿಲೂರಲ್ಲಿ ಅದು ಸಿಗೋದು ಚಳಿಗಾಲದಾಗ. ಅಕ್ಟೋಬರ್ ಕೊನೆಗೆ ನೆಟ್ಟರೆ ಜನವರಿ ಕೊನೆಗೆ ನೋಡ್ರಿ. 1968ರಲ್ಲಿ ಬಿಡುಗಡೆಯಾದ, ಹಾಸನದವರಿಗೆ ಚೆನ್ನಾಗಿ ಗೊತ್ತಿರೋ ಕುಫ್ರಿ ಜ್ಯೋತಿ ತಳಿಗೆ 90 ದಿನವಾದರೂ ಬೇಕು. ಎಲೆ ಹಳದಿಯಾಗಿ ಬಳ್ಳಿ ಬಿದ್ದರೆ ನೀರು ನಿಲ್ಲಿಸ್ರಿ. ಎರಡು ವಾರ ಬಿಟ್ಟು ಒಂದು ಗಡ್ಡೆ ತೆಗೆದು ಹೆಬ್ಬೆರಳಿಂದ ತಿಕ್ಕಿ ನೋಡ್ರಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಎಳೇದು. ಅದನ್ನ ಇವತ್ತೇ ಪಲ್ಯ ಮಾಡ್ರಿ, ಉಳಿದದ್ದು ನೆಲದಾಗ ಇರ್ಲಿ. ಬರಲಿಲ್ಲಂದ್ರೆ ಎಲ್ಲಾ ಕೀಳಬಹುದು.

ಕಿತ್ತ ಮೇಲೆ ತೊಳೀಬ್ಯಾಡ್ರಿ. ನೆರಳಲ್ಲಿ ಆರಿಸಿ, ಗಾಳಿಯಾಡೋ ಕತ್ತಲಲ್ಲಿ ಇಡ್ರಿ. ಬೆಳಕಿಗೆ ಹಸಿರಾದದ್ದನ್ನ ತಿನ್ನಬ್ಯಾಡ್ರಿ, ಅದರಾಗ ಸೊಲನಿನ್ ಅನ್ನೋ ವಿಷ ಸೇರಿರತೈತಿ.

ನಿಮ್ಮ ಕುಂಡದಾಗ ಈ ಸಲ ಏನು ಬೆಳೆದೀರಿ? ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣು.