ಹೊಡೆದವನ ಚಿತ್ರ, ಬಿದ್ದವನ ಕಲ್ಲು

ಪ್ರತಿಭಟನಕಾರರ ಮೇಲಿನ ಪೊಲೀಸ್ ಹಿಂಸೆಯನ್ನು ಖಂಡಿಸುವ ಚಿತ್ರದಲ್ಲಿ ಹೊಡೆದವನು ಕಾಣಬೇಕೋ, ಬಿದ್ದವನು ಕಂಡರಷ್ಟೇ ಸಾಕೋ? ರಾಯಚೂರು ಸೀಮೆಯವರಿಗೆ ಇದು ದೂರದ ಪ್ರಶ್ನೆಯಲ್ಲ. ಮಾನ್ವಿಯ ರೈತ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದವನು. ದೇವದುರ್ಗದವನು ನಾರಾಯಣಪುರ ಬಲದಂಡೆಯನ್ನು ನಂಬಿದವನು. ಕಾಲುವೆಗೆ ನೀರು ಬಾರದಿದ್ದರೆ ರಸ್ತೆಗಿಳಿಯುವುದು, ಖಾಕಿಯ ಎದುರು ನಿಲ್ಲುವುದು ಇಲ್ಲಿ ಹೊಸತಲ್ಲ.

ಬಾರ್ಸಿಲೋನಾದ ರಾಮೋನ್ ಕಸಾಸ್ 1899ರಲ್ಲಿ ಬರೆದ ‘ಲಾ ಕಾರ್ಗಾ’ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುತ್ತದೆ. ಸುಮಾರು ಮೂರು ಮೀಟರ್ ಎತ್ತರ, ನಾಲ್ಕೂವರೆ ಮೀಟರಿಗೂ ಹೆಚ್ಚು ಅಗಲದ ಕ್ಯಾನ್ವಾಸು. ಬಲಬದಿಯ ಮುಂಭಾಗದಲ್ಲಿ ಕುದುರೆಯೇರಿದ ‘ಗಾರ್ಡಿಯಾ ಸಿವಿಲ್’ ಎಂಬ ಸ್ಪೇನಿನ ಪೊಲೀಸ್ ಪಡೆಯ ಪೇದೆ. ಕುದುರೆಯ ಗೊರಸಿನ ಮುಂದೆಯೇ ನೆಲಕ್ಕೆ ಬಿದ್ದ ಕಾರ್ಮಿಕ. ದಿಕ್ಕೆಟ್ಟು ಓಡುವ ಜನ ಹಿಂದೆ, ದೂರದಲ್ಲಿ. ನಡುವೆ ಬರಿ ನೆಲ. ನನ್ನ ದೃಷ್ಟಿಯಲ್ಲಿ ಚಿತ್ರದ ಖಂಡನೆಯೆಲ್ಲ ಆ ಬರಿದಾದ ಜಾಗದಲ್ಲಿದೆ: ಕ್ಷಣದ ಹಿಂದೆ ಅಲ್ಲಿ ಜನ ನಿಂತಿದ್ದರು, ಯಾರು ಚದುರಿಸಿದರು ಎಂಬುದು ಕಣ್ಣೆದುರೇ ಇದೆ. ಬಾರ್ಸಿಲೋನಾದ 1902ರ ಸಾರ್ವತ್ರಿಕ ಮುಷ್ಕರದ ಬಳಿಕ ಕಸಾಸ್ ಇದೇ ಚಿತ್ರಕ್ಕೆ ಹೊಸ ಇಸವಿ ಹಾಕಿ, ಆ ಮುಷ್ಕರಕ್ಕೆ ಹೊಂದಿಸಿದ. 1904ರಲ್ಲಿ ಮ್ಯಾಡ್ರಿಡ್‌ನ ರಾಷ್ಟ್ರೀಯ ಪ್ರದರ್ಶನ ಅದಕ್ಕೆ ಮೊದಲ ಪದಕ ಕೊಟ್ಟಿತು. ಘಟನೆಗಿಂತ ಮೊದಲೇ ಬರೆದದ್ದು ಘಟನೆಯ ಸಾಕ್ಷಿಯಾಯಿತು ಎಂದು ಆಕ್ಷೇಪಿಸಬಹುದು. ಆದರೆ ಲಾಠಿ ಮತ್ತು ಕುದುರೆಯ ರೀತಿ ಊರೂರಿಗೂ ಒಂದೇ ಆಗಿರುವಾಗ ಆ ಆಕ್ಷೇಪಕ್ಕೆ ಹೆಚ್ಚು ಬಲವಿಲ್ಲ.

ರಷ್ಯಾದ ಚಿತ್ರಕಾರ ವಲೆಂಟಿನ್ ಸೆರೋವ್, ಮೆರವಣಿಗೆ ಬಂದ ಜನರ ಮೇಲೆ ತ್ಸಾರನ ಪಡೆಗಳು ಎರಗಿದ 1905ರ ‘ರಕ್ತಸಿಕ್ತ ಭಾನುವಾರ’ವನ್ನು ಪೀಟರ್ಸ್‌ಬರ್ಗಿನ ಕಲಾ ಅಕಾಡೆಮಿಯ ಕಿಟಕಿಯಿಂದ ಕಣ್ಣಾರೆ ಕಂಡವನು. ಆ ಪಡೆಗಳ ಹೊಣೆ ಹೊತ್ತಿದ್ದ ರಾಜವಂಶದವನೇ ಅಕಾಡೆಮಿಯ ಅಧ್ಯಕ್ಷ. ಸೆರೋವ್ ಅಕಾಡೆಮಿಯನ್ನೇ ಬಿಟ್ಟ. ಆ ದಿನವನ್ನು ಕುರಿತು ಅವನು ಬರೆದ ಚಿತ್ರದಲ್ಲೂ ಕತ್ತಿ ಹಿರಿದ ಸವಾರರಿಗೂ ಜನರಿಗೂ ನಡುವೆ ಬರಿ ಹಿಮ.

ಕರ್ನಾಟಕದ ದಾರಿ ಬೇರೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ಪೊಲೀಸರು ಗುಂಡು ಹಾರಿಸಿದರು. ಸತ್ತ ರೈತರ ನೆನಪಿಗೆ ಜನ ಬಯಸಿದ್ದು ಕ್ಯಾನ್ವಾಸನ್ನಲ್ಲ, ವೀರಗಲ್ಲನ್ನು. ಇಂದಿಗೂ ಜುಲೈ 21ಕ್ಕೆ ನರಗುಂದದ ಆ ಕಲ್ಲಿಗೆ ಮಾಲೆ ಬೀಳುತ್ತದೆ. ಹಳೆಯ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದಲ್ಲಿ ಕಾಳಗ, ನಡುವೆ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ. ಕಣ್ಣು ಮೇಲೇರಿದಂತೆ ಕೊಂದವನು ಕೆಳಗೇ ಉಳಿಯುತ್ತಾನೆ. ಸತ್ತವನಿಗೆ ಗೌರವ ಪೂರ್ತಿ ಸಲ್ಲುತ್ತದೆ. ಆರೋಪ ಮಾತ್ರ ಸಡಿಲವಾಗುತ್ತದೆ. ಕಸಾಸನ ಚಿತ್ರದಲ್ಲಿ ಮೇಲೆ ಕಣ್ಣು ಹಾಯಿಸಿದರೆ ಸಿಗುವುದು ಕಾರ್ಖಾನೆಯ ಚಿಮಣಿಗಳು, ಸ್ವರ್ಗವಲ್ಲ.

ಕಲ್ಲಿನ ಮೇಲೆ ಯಾರ ಹೆಸರು ಉಳಿಯುತ್ತದೆ ಎಂಬುದಕ್ಕೆ ರಾಯಚೂರು ಕೋಟೆಯ ಗೋಡೆಯನ್ನೂ ಇಲ್ಲಿ ನೆನೆಯಬೇಕು. ನಲವತ್ತು ಅಡಿಗೂ ಉದ್ದದ ಬಂಡೆಯ ಮೇಲೆ 1294ರ ತೆಲುಗು ಶಾಸನವಿದೆ. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಕೋಣಗಳು ಎಳೆಯುವುದನ್ನು, ಆಳುಗಳು ಸನ್ನೆಕೋಲು ಹಾಕಿ ನೂಕುವುದನ್ನು ಅಲ್ಲೇ ಗೆರೆಗಳಲ್ಲಿ ಕೊರೆದಿದ್ದಾರೆ. ಶಾಸನದಲ್ಲಿ ಕೋಟೆ ಕಟ್ಟಿಸಿದ ಗೋರೆ ಗನ್ನಯ ರೆಡ್ಡಿಯ ಹೆಸರಿದೆ. ದುಡಿದವರಿಗೆ ಆಕಾರವಿದೆ, ಹೆಸರಿಲ್ಲ. ನರಗುಂದದ ಕಲ್ಲು ಈ ಕ್ರಮವನ್ನು ತಿರುಗಿಸಿ, ದುಡಿಯುವವನನ್ನೇ ಹೆಸರು ಹಿಡಿದು ಸ್ಮರಿಸಿತು. ಅದು ದೊಡ್ಡ ಸಾಧನೆಯೇ.

ಆದರೂ 1980ರಲ್ಲಿ ಗುಂಡು ಹಾರಿದ ಆ ಕ್ಷಣದ ಚಿತ್ರಣ ನಮಗೆ ಬೇಕು ಎಂಬುದು ನನ್ನ ವಾದ. ಅದನ್ನು ಬರೆಯುವವರು ಮಾನ್ವಿಯವರಾಗಲಿ, ದೇವದುರ್ಗದವರಾಗಲಿ, ಅದೇ ದಿನ ಗುಂಪಿನ ಕೈಯಲ್ಲಿ ಸತ್ತ ಪೊಲೀಸರನ್ನೂ ಚೌಕಟ್ಟಿನಿಂದ ಹೊರಗಿಡುವಂತಿಲ್ಲ. ಅವರನ್ನು ರೈತರೆದುರು ನಿಲ್ಲಿಸಿದ ಸರ್ಕಾರವನ್ನು ಯಾವ ಆಕಾರದಲ್ಲಿ ತೋರಿಸುವುದು ಎಂಬುದೇ ಅಲ್ಲಿಯ ಕಠಿಣ ಸಮಸ್ಯೆ. ಕಸಾಸನಿಗೂ ಸೆರೋವನಿಗೂ ಅದು ಬಗೆಹರಿದಿರಲಿಲ್ಲ.