ಅಡಿಕೆಯೂ ಗಡುಸಾದ ಕೆನ್ನೆಯೂ

ಮಾಗಳದಲ್ಲಾಗಲಿ ಮಲೆನಾಡಿನಲ್ಲಾಗಲಿ, ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆ ಬಾರದಿದ್ದರೆ ಉಪಚಾರ ಮುಗಿದಂತಲ್ಲ. ಆ ಅಡಿಕೆಯನ್ನೇ ದಿನವೆಲ್ಲ ಅಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ಬರಬರುತ್ತ ಬಿಳಿಚಿ ಬಿಗಿದು, ಕಡೆಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. 1952ರಲ್ಲಿ ಶ್ವಾರ್ಟ್ಸ್ ಎಂಬವರು ಕೀನ್ಯದಲ್ಲಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಇದನ್ನು ಗುರುತಿಸಿದರು. ಮರುವರ್ಷ ಮುಂಬಯಿಯ ಜೋಶಿಯವರು ವರ್ಣಿಸಿದರು. ಮೊದಮೊದಲು ಅಪವಾದ ಬಂದದ್ದು ಪಾಪ, ಮೆಣಸಿನಕಾಯಿಯ ಮೇಲೆ! ಮುಖ್ಯ ಅಪರಾಧಿ ಅಡಿಕೆಯೆಂಬುದು ಆಮೇಲೆ ಗೊತ್ತಾಯಿತು. ಅಡಿಕೆಯಲ್ಲಿ ತಾಮ್ರದ ಅಂಶವುಂಟು. ದೇಹದ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ತಾಮ್ರವೇ ಬಲ. ಹೆಣಿಗೆ ಬಿಗಿದಷ್ಟೂ ಕೆನ್ನೆ ಗಡುಸು. ಇಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ.

ಕ್ಯಾನ್ಸರ್ ಗಂಟಿನ ಗಡುಸು ವೈದ್ಯರ ಬೆರಳಿಗೆ ಹಿಂದಿನಿಂದಲೂ ಪರಿಚಿತವೇ. ಆದರೆ ಅದನ್ನು ರೋಗದ ಗುರುತೆಂದಷ್ಟೇ ಎಣಿಸಿದ್ದರು. 2005ರಲ್ಲಿ ಅಮೆರಿಕದ ವ್ಯಾಲರಿ ವೀವರ್ ಮತ್ತು ಸಂಗಡಿಗರು ಸ್ತನದ ಜೀವಕೋಶಗಳನ್ನು ಮೆದುವಾದ, ಗಡುಸಾದ ಲೋಳೆಹಾಸುಗಳಲ್ಲಿ ಬೆಳೆಸಿ ನೋಡಿದರು. ಮೆದುವಿನಲ್ಲಿ ಶಿಸ್ತಾಗಿ ಗುಂಡಗೆ ಕೂಡಿದ ಕೋಶಗಳೇ ಗಡುಸಿನಲ್ಲಿ ಕಟ್ಟು ಮೀರಿದವು. ಅಂದರೆ ಗುರುತೇ ಕುಮ್ಮಕ್ಕೂ ಹೌದು. ಅಡಿಕೆಯ ವಿಷದ ಜೊತೆಗೆ ಕೆನ್ನೆಯ ಬಿಗಿತದ ಪಾಲೂ ಉಂಟೆಂದು ಅನುಮಾನಿಸಲು ಎಡೆಯಿದೆ.

ಔಷಧಕ್ಕೂ ಇದು ಅಡ್ಡಿಯೇ. ಬಿಗಿದ ಗಂಟಿನಲ್ಲಿ ರಕ್ತನಾಳಗಳು ಅಮುಕಿಹೋಗಿ ಮದ್ದು ಸರಿಯಾಗಿ ಒಳಸೇರದು. ಸೇರಿದರೂ, ಗಡುಸು ನೆಲೆಯನ್ನು ಹಿಡಿದ ಕೋಶಗಳಿಗೆ ಬದುಕುಳಿಯುವ ಸನ್ನೆ ಸಿಗುತ್ತಲೇ ಇರುತ್ತದೆ.

2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ವರದಿ, ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಡಿಕೆ ಬಿಟ್ಟರೂ, ಒಮ್ಮೆ ಬಿಗಿದ ಕೆನ್ನೆ ಸಾಮಾನ್ಯವಾಗಿ ಪೂರ್ತಿ ಸಡಿಲವಾಗದು.